ಏರ್‌ಕೂಲ್ಡ್ ಹಳೆಯ ಕಾರಿನ ಪುನರುದ್ಧಾರ ಮತ್ತು ಪಾಲನೆ

ರೇಡಿಯೇಟರು, ನೀರಿನ ಪಂಪು ಯಾವುದೂ ಇಲ್ಲದೆ ಬೀಸುಗಾಳಿಯಿಂದಲೇ ಎಂಜಿನ್ ತಣಿಸಿಕೊಳ್ಳುವ ಹಳೆಯ ಕಾರನ್ನು ಮನೆಯ ಶೆಡ್ಡಿನಲ್ಲಿ ಬಿಚ್ಚಿ, ಸರಿಪಡಿಸಿ, ರಸ್ತೆಗೆ ಇಳಿಸಿ, ಓಡುವಂತೆ ಉಳಿಸಿಕೊಳ್ಳುವ ಕೆಲಸ. ಅರ್ಧ ಹವ್ಯಾಸ, ಅರ್ಧ ಕಸುಬು. ಇಂಥ ಕಾರುಗಳನ್ನು ಅನೇಕ ದೇಶಗಳು ತಯಾರಿಸಿವೆ. ಅಮೆರಿಕದ ಫ್ರಾಂಕ್ಲಿನ್ ಕಂಪನಿ 1902ರಿಂದ 1934ರವರೆಗೆ ಇವನ್ನೇ ನೆಚ್ಚಿಕೊಂಡಿತ್ತು. ಜೆಕೊಸ್ಲೊವಾಕಿಯಾದ ಟಾಟ್ರಾ, ಫ್ರಾನ್ಸಿನ ಸಿಟ್ರೊಯೆನ್ 2ಸಿವಿ (1948–1990), ಇಟಲಿಯ ಪುಟ್ಟ ಫಿಯಟ್ 500 (1957–1975), ಅಮೆರಿಕದ ಷೆವರ್ಲೆ ಕಾರ್ವೇರ್, 1998ರವರೆಗಿನ ಪೋರ್ಷೆ 911 ಎಲ್ಲವೂ ಈ ಜಾತಿಯವೇ. ಆದರೆ ಮನೆಯಲ್ಲಿ ಸ್ಪ್ಯಾನರ್ ಹಿಡಿದವರ ಕೈಗೆ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. ಒಟ್ಟು 2,15,29,464 ಕಾರುಗಳು ತಯಾರಾದವು. ಎಂಜಿನ್ ಬಿಚ್ಚಲು ಕ್ರೇನ್ ಬೇಕಿಲ್ಲ, ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. ಆದ್ದರಿಂದ ಈ ಲೇಖನ ಬೀಟಲನ್ನೇ ಮಾದರಿಯಾಗಿ ಇಟ್ಟುಕೊಂಡಿದೆ.

ಹಿನ್ನೆಲೆ

ಫರ್ಡಿನೆಂಡ್ ಪೋರ್ಷೆ 1934ರಲ್ಲಿ ಜರ್ಮನ್ ವಾಹನೋದ್ಯಮ ಸಂಘದ ಜೊತೆ ಒಪ್ಪಂದ ಮಾಡಿಕೊಂಡು ಈ ಕಾರಿನ ವಿನ್ಯಾಸ ಆರಂಭಿಸಿದರು. 1938ರ ಮೇ ತಿಂಗಳಲ್ಲಿ ಫಾಲರ್ಸ್‌ಲೆಬೆನ್ ಬಳಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಹಿಟ್ಲರನ ಸರ್ಕಾರ ಜನಸಾಮಾನ್ಯರ ಕಾರೆಂದು ಸಾರಿ ಅವರಿಂದ ಮುಂಗಡ ಕಂತು ಕಟ್ಟಿಸಿಕೊಂಡಿತು. ಅಷ್ಟರಲ್ಲಿ ಯುದ್ಧ ಬಂತು, ಕಾರ್ಖಾನೆ ಸೈನ್ಯದ ವಾಹನಗಳಿಗೆ ಮೀಸಲಾಯಿತು, ಕಂತು ಕಟ್ಟಿದವರಿಗೆ ಕಾರು ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಬಾಂಬಿಗೆ ನುಗ್ಗಾಗಿದ್ದ ಆ ಕಾರ್ಖಾನೆಯನ್ನು ಮತ್ತೆ ನಡೆಸಿದವರು ಬ್ರಿಟಿಷ್ ಸೈನ್ಯದ ಮೇಜರ್ ಐವನ್ ಹರ್ಸ್ಟ್. 1945ರ ಕೊನೆಗೆ 1,785 ವಾಹನಗಳು ಹೊರಬಂದಿದ್ದವು. 1948ರ ಜನವರಿಯಲ್ಲಿ ಹೈನ್ರಿಷ್ ನೊರ್ಡ್‌ಹೋಫ್ ಆಡಳಿತ ವಹಿಸಿಕೊಂಡರು. 1955ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. 1972ರ ಫೆಬ್ರವರಿ 17ರಂದು 1,50,07,034ನೆಯ ಕಾರಿನೊಂದಿಗೆ ಬೀಟಲ್ ಫೋರ್ಡ್ ಮಾಡೆಲ್ ಟಿ ದಾಖಲೆಯನ್ನು ದಾಟಿತು. ಜರ್ಮನಿಯಲ್ಲಿ 1978ರ ಜನವರಿಯಲ್ಲಿ ಎಮ್ಡೆನ್ ಕಾರ್ಖಾನೆಯ ಸಾಲು ನಿಂತಿತು, ಕಾರ್ಮನ್ ಕಂಪನಿಯ ತೆರೆದ ಮಾದರಿ 1980ರವರೆಗೆ ಎಳೆಯಿತು. ಬ್ರೆಜಿಲ್ 1986ರಲ್ಲಿ ನಿಲ್ಲಿಸಿ, ಅಧ್ಯಕ್ಷ ಇಟಮಾರ್ ಫ್ರಾಂಕೊ ಅವರ ಒತ್ತಾಸೆಯಿಂದ 1993ರಲ್ಲಿ ಮತ್ತೆ ಶುರುಮಾಡಿ 1996ರವರೆಗೆ ತಯಾರಿಸಿತು. ಕಟ್ಟಕಡೆಯ ಬೀಟಲ್ ಮೆಕ್ಸಿಕೊದ ಪ್ವೆಬ್ಲಾದಲ್ಲಿ 2003ರ ಜುಲೈ 30ರಂದು ಹೊರಬಂತು.

ಈ ಇತಿಹಾಸದಲ್ಲಿ ರಿಪೇರಿಗೆ ನೇರವಾಗಿ ತಾಕುವ ಸಂಗತಿ ಒಂದಿದೆ. ನೊರ್ಡ್‌ಹೋಫ್ ಕಾರಿನ ಆಕಾರ ಬದಲಿಸಲಿಲ್ಲ, ಒಳಗನ್ನು ಮಾತ್ರ ವರ್ಷವರ್ಷವೂ ತಿದ್ದುತ್ತ ಹೋದರು. ಹೊರಗೆ ಒಂದೇ ತರಹ ಕಾಣುವ ಎರಡು ಬೀಟಲ್‌ಗಳಲ್ಲಿ ಬ್ರೇಕು, ವೋಲ್ಟೇಜು, ಮುಂದಿನ ಆಕ್ಸಲ್ಲು, ಟ್ಯಾಪೆಟ್ ಅಳತೆ ಬೇರೆಬೇರೆ ಇರಬಹುದು. ಮಾದರಿ ವರ್ಷ ಜನವರಿಯಲ್ಲಲ್ಲ, ಹಿಂದಿನ ಆಗಸ್ಟಿನಲ್ಲೇ ಶುರುವಾಗುತ್ತಿತ್ತು ಎಂಬುದೂ ಗೊಂದಲಕ್ಕೆ ಕಾರಣ. ಹಿಂದಿನ ಗಾಜು ಎರಡು ಹೋಳಾಗಿದ್ದರೆ 1953ರ ಮಾರ್ಚಿಗಿಂತ ಹಿಂದಿನದು, ಮೊಟ್ಟೆಯಾಕಾರವಾದರೆ 1957ರೊಳಗಿನದು. ಪೆಟ್ರೋಲ್ ಗೇಜ್ ಇಲ್ಲದೆ ಕಾಲ ಬಳಿ ರಿಸರ್ವ್ ಹಿಡಿ ಮಾತ್ರ ಇದ್ದರೆ 1962ರ ಮಾದರಿಗಿಂತ ಹಳೆಯದು. ಅಮೆರಿಕಕ್ಕೆ ಹೋದ ಕಾರುಗಳಿಗೆ 1967ರ ಮಾದರಿಯಿಂದ 12 ವೋಲ್ಟ್ ಬಂತು, ಅದಕ್ಕೂ ಹಿಂದಿನವು 6 ವೋಲ್ಟ್. ಚಾಸಿ ನಂಬರು ಹಿಂದಿನ ಸೀಟಿನ ಕೆಳಗೆ, ನಡುವಿನ ಟನೆಲ್ ಮೇಲೆ ಇರುತ್ತದೆ. ಎಂಜಿನ್ ನಂಬರು ಡೈನಮೊ ಕೂರುವ ಕಂಬದ ಬುಡದಲ್ಲಿ. ಬಿಡಿಭಾಗಕ್ಕೆ ದುಡ್ಡು ಕಳಿಸುವ ಮೊದಲು ಈ ಎರಡು ನಂಬರುಗಳನ್ನು ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ಐವತ್ತು ವರ್ಷದಲ್ಲಿ ಎಂಜಿನ್ ಬದಲಾಗಿರುವ ಸಾಧ್ಯತೆ ಹೆಚ್ಚು.

ಗಾಳಿ ಹೋಗುವ ದಾರಿ

ಬೀಟಲ್ ಎಂಜಿನ್ ಕಾರಿನ ಹಿಂಭಾಗದಲ್ಲಿ ಇದೆ. ನಾಲ್ಕು ಸಿಲಿಂಡರುಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಹೀಗೆ ಅಡ್ಡಡ್ಡ ಮಲಗಿವೆ. ನಡುವಿನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಹೆಡ್ ಅಲ್ಯೂಮಿನಿಯಮ್ಮಿನದು, ಸಿಲಿಂಡರು ಎರಕದ ಕಬ್ಬಿಣದ್ದು. ಮೈತುಂಬ ತೆಳುವಾದ ರೆಕ್ಕೆಗಳು. ಎಂಜಿನ್ ಗಾತ್ರ ಯುದ್ಧಕಾಲದ 985 ಸಿಸಿಯಿಂದ 1131, 1192, 1285, 1493 ಎಂದು ಬೆಳೆದು 1584 ಸಿಸಿಗೆ ನಿಂತಿತು. ಡೈನಮೊ ಶಾಫ್ಟಿನ ಇನ್ನೊಂದು ತುದಿಗೇ ಫ್ಯಾನ್ ಕೂತಿದೆ. ಅದನ್ನು ಒಂದೇ ಒಂದು ಬೆಲ್ಟು ತಿರುಗಿಸುತ್ತದೆ. ಫ್ಯಾನು ಎಳೆದ ಗಾಳಿ ತಗಡಿನ ಹೊದಿಕೆಯೊಳಗೆ ಇಬ್ಭಾಗವಾಗಿ, ಸಿಲಿಂಡರುಗಳ ರೆಕ್ಕೆಗಳ ನಡುವೆ ನುಸುಳಿ, ಕೆಳಗೆ ಇಳಿದು ಹೊರಹೋಗುತ್ತದೆ. ನಮ್ಮಲ್ಲಿ ಆಟೊರಿಕ್ಷಾ ಅಥವಾ ಹಳೆಯ ಚೇತಕ್ ಸ್ಕೂಟರಿನ ಎಂಜಿನ್ ಬಿಚ್ಚಿದವರಿಗೆ ಇದು ಹೊಸದಲ್ಲ. ಅಲ್ಲೂ ಫ್ಯಾನು ಮತ್ತು ಹೊದಿಕೆ ಹೀಗೆಯೇ ಕೆಲಸ ಮಾಡುತ್ತವೆ.

ಎಂಜಿನ್ ಕೋಣೆಯನ್ನು ಆ ತಗಡುಗಳು ಮೇಲೆ ಕೆಳಗೆ ಎಂದು ಎರಡಾಗಿ ವಿಂಗಡಿಸುತ್ತವೆ. ಮೇಲೆ ತಂಪು ಗಾಳಿ, ಕೆಳಗೆ ಬಿಸಿ ಗಾಳಿ ಮತ್ತು ಸೈಲೆನ್ಸರು. ಎರಡರ ಗಡಿಯಲ್ಲಿ ಸುತ್ತಲೂ ರಬ್ಬರ್ ಪಟ್ಟಿ ಇದೆ. ಅದು ಹರಿದಿದ್ದರೆ ಅಥವಾ ಯಾವುದೋ ಗ್ಯಾರೇಜಿನಲ್ಲಿ ಒಂದು ತಗಡು ಬಿಟ್ಟುಹೋಗಿದ್ದರೆ, ಕೆಳಗಿನ ಬಿಸಿಗಾಳಿ ಮತ್ತೆ ಮೇಲೆ ಬಂದು ಫ್ಯಾನಿಗೇ ಸೇರುತ್ತದೆ. ಕಾರು ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ, ಕೆಲವು ಸಾವಿರ ಕಿಲೋಮೀಟರ್ ಆದಮೇಲೆ ಎಂಜಿನ್ ಕೈಕೊಡುತ್ತದೆ. ಹಳೆಯ ಬೀಟಲ್ ಕೊಳ್ಳಲು ಹೋದವರು ಬಣ್ಣ ನೋಡುವ ಮೊದಲು ಹಿಂದಿನ ಡಿಕ್ಕಿ ಎತ್ತಿ ಈ ರಬ್ಬರನ್ನು ನೋಡಬೇಕು. ಎಂಜಿನ್ನಿನ ಸುತ್ತ ನೆಲ ಕಾಣುತ್ತಿದ್ದರೆ ಆ ಎಂಜಿನ್ನಿಗೆ ಓವರ್‌ಹಾಲ್ ಖರ್ಚು ಹಿಡಿದೇ ಬೆಲೆ ಮಾತಾಡಬೇಕು.

ಬಿಸಿ ದೇಶಗಳಲ್ಲಿ ಇನ್ನೊಂದು ತಪ್ಪು ಸಾಮಾನ್ಯ. ಒಳಗೆ ಕೂತವರನ್ನು ಬೆಚ್ಚಗಿಡಲು ಫ್ಯಾನಿನ ಗಾಳಿಯಲ್ಲಿ ಒಂದು ಪಾಲು ಸೈಲೆನ್ಸರ್ ಕಡೆಯ ಹೀಟರ್ ಪೆಟ್ಟಿಗೆಗಳಿಗೆ ಕೊಳವೆಗಳಲ್ಲಿ ಹೋಗುತ್ತದೆ. ಹೀಟರು ಬೇಡವೆಂದು ಕೊಳವೆ ಕಿತ್ತವರು ಹೊದಿಕೆಯ ಆ ಎರಡು ಬಾಯಿಗಳನ್ನು ಮುಚ್ಚುವುದನ್ನು ಮರೆಯುತ್ತಾರೆ. ಸಿಲಿಂಡರಿಗೆ ಹೋಗಬೇಕಾದ ಗಾಳಿ ಅಲ್ಲೇ ಸೋರಿಹೋಗುತ್ತದೆ. ಹೀಟರ್ ಇಟ್ಟುಕೊಳ್ಳುವವರಿಗೆ ಬೇರೆಯ ಎಚ್ಚರಿಕೆ ಬೇಕು: ತುಕ್ಕು ಹಿಡಿದು ತೂತಾದ ಹೀಟರ್ ಪೆಟ್ಟಿಗೆ ಕಾರ್ಬನ್ ಮೊನಾಕ್ಸೈಡನ್ನು ನೇರ ಕಾರಿನೊಳಗೆ ತರುತ್ತದೆ.

ಬಲಗಡೆಯ ಸಿಲಿಂಡರುಗಳ ಕೆಳಗೆ ಪುಟ್ಟ ತಿದಿಯಂಥ ಥರ್ಮೊಸ್ಟಾಟ್ ಇದೆ. ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಗ್ಗಿ ಹೊದಿಕೆಯೊಳಗಿನ ಬಾಗಿಲುಗಳನ್ನು ತೆರೆಯುತ್ತದೆ. ಇದನ್ನು ಕಿತ್ತೆಸೆದವರ ಸಂಖ್ಯೆ ದೊಡ್ಡದು. ಕಿತ್ತರೆ ಎಂಜಿನ್ ಬೇಗ ಬಿಸಿಯೇರದೆ ಸವೆಯುತ್ತದೆ. ತಿದಿ ಒಡೆದು ಕೆಟ್ಟರೂ ಬಾಗಿಲು ತೆರೆದೇ ಉಳಿಯುವಂತೆ ವಿನ್ಯಾಸವಾಗಿರುವುದರಿಂದ ಅದನ್ನು ಇಟ್ಟುಕೊಳ್ಳುವುದರಲ್ಲಿ ಅಪಾಯವಿಲ್ಲ.

ಮೂರನೆಯ ಸಿಲಿಂಡರ್

ಈ ಎಂಜಿನ್ನಿನಲ್ಲಿ ಗಾಳಿಯ ಜೊತೆಗೆ ಆಯಿಲೂ ತಣಿಸುವ ಕೆಲಸ ಮಾಡುತ್ತದೆ. ಆಯಿಲನ್ನು ತಣಿಸಲು ಹೊದಿಕೆಯೊಳಗೆ ಎಡಗಡೆ ಒಂದು ಆಯಿಲ್ ಕೂಲರ್ ನಿಂತಿದೆ. ಅದು ಗಾಳಿಗೆ ಅಡ್ಡವಾಗಿರುವುದರಿಂದ ಅದರ ಕೆಳಗಿನ ಮೂರನೆಯ ಸಿಲಿಂಡರಿಗೆ (ಎಡಗಡೆ, ಕಾರಿನ ಮುಂಭಾಗದ ಕಡೆಯದು) ಕಡಿಮೆ ಗಾಳಿ, ಅದೂ ಬಿಸಿಗಾಳಿ ಸಿಗುತ್ತದೆ. ಬೀಟಲ್ ಎಂಜಿನ್ ಸತ್ತ ಕಥೆಗಳಲ್ಲಿ ಬಹುಪಾಲು ಇಲ್ಲಿಗೇ ಬಂದು ಮುಗಿಯುತ್ತವೆ: ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಕಾದು, ಹಿಗ್ಗಿ, ತಲೆ ಮುರಿದು ಪಿಸ್ಟನ್ ಮೇಲೆ ಬೀಳುವುದು. ಕಂಪನಿಗೂ ಇದು ಗೊತ್ತಿತ್ತು. 1971ರ ಮಾದರಿಯಿಂದ ಕೂಲರನ್ನು ಕಾರಿನ ಮುಂಭಾಗದ ಕಡೆಗೆ ಸರಿಸಿ ಅದಕ್ಕೆ ಬೇರೆಯೇ ಗೂಡು ಮಾಡಿ, ಅದರ ಬಿಸಿಗಾಳಿಯನ್ನು ಹೊರಗೆ ಕಳಿಸಿದರು. ಹವ್ಯಾಸಿಗಳು ನಾಯಿಗೂಡು ಎಂದು ಕರೆಯುವ ಆ ಹೊದಿಕೆಯನ್ನು ಹಳೆಯ ಎಂಜಿನ್ನಿಗೂ ಕೂಡಿಸಬಹುದು. ಮೂಲರೂಪದ ಬಗ್ಗೆ ತೀರ ಹಟ ಇಲ್ಲದವರು ಎಂಜಿನ್ ತೆಗೆದಾಗ ಮಾಡಿಸಬೇಕಾದ ಮೊದಲ ಬದಲಾವಣೆ ಇದು.

ತುಕ್ಕಿನಿಂದ ಆರಂಭ

ಪುನರುದ್ಧಾರ ಎಂದರೆ ಬಹಳ ಮಂದಿಗೆ ಪೇಂಟಿಂಗ್ ನೆನಪಾಗುತ್ತದೆ. ಕೆಲಸ ಶುರುವಾಗಬೇಕಾದ್ದು ಕಾರಿನ ನೆಲದಿಂದ. ಬೀಟಲ್‌ನ ಬಾಡಿ ಮತ್ತು ಚಾಸಿ ಬೇರೆಬೇರೆ ತುಂಡುಗಳು. ನಡುವೆ ಬೆನ್ನೆಲುಬಿನಂಥ ಟನೆಲ್, ಅದರ ಎರಡು ಕಡೆ ನೆಲದ ತಗಡು, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ. ಬ್ಯಾಟರಿ ಇರುವುದು ಹಿಂದಿನ ಸೀಟಿನ ಬಲಭಾಗದ ಕೆಳಗೆ. ಆಸಿಡ್ ಚೆಲ್ಲಿ ಚೆಲ್ಲಿ ಅಲ್ಲಿಯ ನೆಲ ಮೊದಲು ಕೊಳೆಯುತ್ತದೆ. ಚಾಪೆ ಎತ್ತಿ ಒಂದು ಸ್ಕ್ರೂಡ್ರೈವರಿನಿಂದ ತಟ್ಟಿದರೆ ಗಟ್ಟಿ ತಗಡಿನ ಸದ್ದಿಗೂ ಕೊಳೆತದ್ದರ ಸದ್ದಿಗೂ ವ್ಯತ್ಯಾಸ ತಿಳಿಯುತ್ತದೆ. ತಟ್ಟಿದ್ದು ತೂರಿಹೋದರೆ ಹೇಳುವುದೇ ಬೇಡ.

ನೆಲಕ್ಕಿಂತ ಕಷ್ಟದ್ದು ಬಾಗಿಲಿನ ಕೆಳಗೆ ಹಾಯುವ ಹೀಟರ್ ಚಾನೆಲ್. ಇದು ಬಿಸಿಗಾಳಿಯ ಕೊಳವೆಯೂ ಹೌದು, ಬಾಡಿಯ ಅಡಿಪಾಯವೂ ಹೌದು. ಒಳಗಿನಿಂದ ತುಕ್ಕು ಹಿಡಿಯುವುದರಿಂದ ಹೊರಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಮಾರುವವರಿಗೆ ಇದು ಪ್ರಿಯವಾದ ಜಾಗ. ಪುಟ್ಟಿಯ ಮೇಲೆ ಅಯಸ್ಕಾಂತ ಅಂಟುವುದಿಲ್ಲ. ಜೇಬಿನಲ್ಲೊಂದು ಇಟ್ಟುಕೊಂಡು ಹೋಗಿ. ಚಾನೆಲ್ ಕತ್ತರಿಸಿ ಹೊಸದು ಹಾಕುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಬಾಡಿಯನ್ನು ಬಿಗಿಹಿಡಿಯಬೇಕು. ಇಲ್ಲದಿದ್ದರೆ ಬಾಡಿ ಸೊಟ್ಟಗಾಗಿ ಆಮೇಲೆ ಬಾಗಿಲು ಹಾಕಿಕೊಳ್ಳುವುದೇ ಇಲ್ಲ. ಪ್ರತಿ ಹಂತದಲ್ಲೂ ಬಾಗಿಲು ಕೂರಿಸಿ ಸಂದು ಸಮವಾಗಿದೆಯೇ ಎಂದು ನೋಡಿ ನಂತರವೇ ಪೂರ್ಣ ವೆಲ್ಡಿಂಗ್. ಹೊಸದಾಗಿ ಬರುವ ಬದಲಿ ತಗಡುಗಳಲ್ಲಿ ತೆಳುವಾದವು ಹೆಚ್ಚು. ಮೂಲ ಫೆಂಡರಿನಲ್ಲಿ ನಾಲ್ಕಾರು ತಗ್ಗುಗಳಿದ್ದರೂ ಅದನ್ನೇ ಟಿಂಕರಿಂಗ್ ಮಾಡಿಸಿ ಉಳಿಸಿಕೊಳ್ಳುವುದು ಲೇಸು. ಸ್ಪೇರ್ ಟೈರ್ ಕೂರುವ ಗುಂಡಿ, ಬಾಗಿಲಿನ ಕೆಳ ಅಂಚು, ಹಿಂದಿನ ಬಂಪರ್ ಹಿಡಿದಿರುವ ಜಾಗ ಇವೂ ಕೊಳೆಯುತ್ತವೆ, ಆದರೆ ಇವು ಚಾನೆಲ್ಲಿನಷ್ಟು ಕಾಡುವುದಿಲ್ಲ.

ಬಾಡಿ ಎತ್ತಿದಾಗ ಬ್ರೇಕ್ ಪೈಪು, ಕ್ಲಚ್ ಕೇಬಲ್, ಟನೆಲ್ ಒಳಗೆ ಹಾಯುವ ಪೆಟ್ರೋಲ್ ಪೈಪು ಎಲ್ಲವೂ ಕೈಗೆ ಸಿಗುತ್ತವೆ. ಆಗಲೇ ಬದಲಿಸದವರು ಮುಂದೆ ಪರದಾಡುತ್ತಾರೆ. ಹಳೆಯ ಬ್ರೇಕ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಪೆಡಲ್ ಬಿಟ್ಟಮೇಲೂ ಚಕ್ರ ಹಿಡಿದೇ ಇರುವುದಕ್ಕೆ ಸಾಮಾನ್ಯವಾಗಿ ಅದೇ ಕಾರಣ.

ಎಂಜಿನ್ ಇಳಿಸುವುದು, ಕಟ್ಟುವುದು

ಬೀಟಲ್ ಎಂಜಿನ್ ಗೇರ್‌ಬಾಕ್ಸಿಗೆ ನಾಲ್ಕು ಕಡೆ ಮಾತ್ರ ಬಿಗಿದಿದೆ, ಎಲ್ಲವೂ 17 ನಂಬರ್ ಸ್ಪ್ಯಾನರಿನವು. ಬ್ಯಾಟರಿ ಕಳಚಿ, ಪೆಟ್ರೋಲ್ ಹೋಸ್ ಮುಚ್ಚಿ, ಆಕ್ಸಿಲರೇಟರ್ ಕೇಬಲ್, ಹೀಟರ್ ಕೇಬಲ್, ವೈರುಗಳನ್ನು ಬಿಡಿಸಿ, ಕೆಳಗೆ ಟ್ರಾಲಿ ಜಾಕ್ ಕೊಟ್ಟು ಹಿಂದಕ್ಕೆ ಎಳೆದರೆ ನೂರು ಕಿಲೊ ಆಸುಪಾಸಿನ ಎಂಜಿನ್ ನೆಲಕ್ಕೆ ಬರುತ್ತದೆ. ಅಪಾಯ ಇರುವುದು ಮೇಲೆತ್ತಿದ ಕಾರಿನಲ್ಲಿ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು, ಗಟ್ಟಿ ಸ್ಟ್ಯಾಂಡುಗಳಿರಲೇಬೇಕು.

ಓವರ್‌ಹಾಲ್‌ಗೆ ಮುನ್ನ ಮಾಡುವ ಒಂದು ಪರೀಕ್ಷೆಗೆ ಉಪಕರಣವೇ ಬೇಡ. ಕ್ರ್ಯಾಂಕ್ ಪುಲ್ಲಿಯನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದು ನೋಡುವುದು. ಟಕ್ಕೆಂದು ಸದ್ದಾಗಿ ಆಡಿದರೆ ಮುಖ್ಯ ಬೇರಿಂಗು ಹೋಗಿದೆ ಅಥವಾ ಕೇಸೇ ಸವೆದಿದೆ. ಅಲ್ಲಿ ಇರಬೇಕಾದ ಸಂದು 0.07ರಿಂದ 0.13 ಮಿಲಿಮೀಟರ್ ಮಾತ್ರ. ಫ್ಲೈವೀಲ್ ಹಿಂದೆ ಇರುವ ಮೂರು ಶಿಮ್‌ಗಳ ದಪ್ಪ ಬದಲಿಸಿ ಅದನ್ನು ಹೊಂದಿಸುತ್ತಾರೆ.

ಸಿಲಿಂಡರುಗಳು ಬಿಡಿಬಿಡಿಯಾಗಿ ಕಳಚಿ ಬರುವುದು ಮನೆಯ ಮೆಕ್ಯಾನಿಕ್‌ಗೆ ದೊಡ್ಡ ಅನುಕೂಲ. ಬೋರ್ ಮಾಡಿಸಲು ಲೇತಿಗೆ ಅಲೆಯಬೇಕಿಲ್ಲ; ಪಿಸ್ಟನ್, ರಿಂಗ್, ಸಿಲಿಂಡರ್ ಸೇರಿದ ಹೊಸ ಸೆಟ್ಟನ್ನೇ ಹಾಕುತ್ತಾರೆ. ಆದರೆ ಕೇಸಿನ ಮಾತು ಬೇರೆ. ಮೆಗ್ನೀಸಿಯಂ ಮೆತ್ತಗಿನ ಲೋಹ. ಹೆಡ್ ಬಿಗಿಯುವ ಸ್ಟಡ್ಡುಗಳು ದಾರ ಸಮೇತ ಕಿತ್ತುಬರುತ್ತವೆ, ಮೂರನೆಯ ಸಿಲಿಂಡರಿನ ಹಿಂದೆ ಬಿರುಕು ಬಿಡುತ್ತದೆ, ಬೇರಿಂಗ್ ಕೂರುವ ತೂತು ಅಗಲವಾಗುತ್ತದೆ. ಈ ಮೂರನ್ನೂ ನುರಿತ ಮೆಷಿನ್ ಶಾಪಿನಲ್ಲಿ ಅಳೆಸಿ ನೋಡದೆ ಹೊಸ ಬೇರಿಂಗ್ ಹಾಕುವುದು ದುಡ್ಡನ್ನು ಎಣ್ಣೆಯಲ್ಲಿ ಅದ್ದಿದಂತೆ.

ಬಿಗಿಯುವ ಅಳತೆಗಳಲ್ಲಿ ಊಹೆ ನಡೆಯುವುದಿಲ್ಲ. ಹೆಡ್ ನಟ್ಟುಗಳು 10 ಮಿಲಿಮೀಟರ್ ಸ್ಟಡ್ಡಿಗೆ ಸುಮಾರು 32 ನ್ಯೂಟನ್ ಮೀಟರ್, 8 ಮಿಲಿಮೀಟರಿನದಕ್ಕೆ 25. ಫ್ಲೈವೀಲನ್ನು ಹಿಡಿಯುವುದು ಒಂದೇ ನಟ್ಟು, ಅದಕ್ಕೆ 343 ನ್ಯೂಟನ್ ಮೀಟರ್ ಬಲ ಬೇಕು. ಹಿಂದಿನ ಚಕ್ರದ 36 ನಂಬರಿನ ನಟ್ಟಿಗೆ ಕನಿಷ್ಠ 294. ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ಮುಂದಿನ ತೂತಿನವರೆಗೆ ಬಿಗಿಯಬೇಕು, ಸಡಿಲಿಸಬಾರದು. ಇನ್ನು ಆಯಿಲ್ ಜಾಲರಿಯ ಸಣ್ಣ ನಟ್ಟುಗಳಿಗೆ 7 ಸಾಕು. ತೋಳಬಲ ತೋರಿಸಿದರೆ ಸ್ಟಡ್ಡು ಮುರಿದು ಕೈಗೆ ಬರುತ್ತದೆ.

ಪುಶ್‌ರಾಡ್ ಟ್ಯೂಬುಗಳಿಂದ ಆಯಿಲ್ ಸೋರದ ಬೀಟಲ್ ಅಪರೂಪ. ಮಡಿಕೆಗಳಿರುವ ಆ ಟ್ಯೂಬುಗಳನ್ನು ಹಾಕುವ ಮೊದಲು ಕೈಯಿಂದ ಮೆಲ್ಲಗೆ ಜಗ್ಗಿ 190–191 ಮಿಲಿಮೀಟರ್ ಉದ್ದ ಮಾಡಿ, ಬೆಸುಗೆಯ ಗೆರೆ ಮೇಲೆ ಬರುವಂತೆ ಕೂರಿಸಿದರೆ ಹೆಡ್ ಬಿಗಿದಾಗ ಎರಡು ತುದಿಯ ರಬ್ಬರುಗಳೂ ಒತ್ತಿ ಕೂರುತ್ತವೆ. ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಮೊದಲ ಸಲ ಸ್ಟಾರ್ಟ್ ಆದಕೂಡಲೇ ಐಡಲ್‌ನಲ್ಲಿ ಬಿಡದೆ 2,000 ಆರ್‌ಪಿಎಂ ಸುಮಾರಿಗೆ ಇಪ್ಪತ್ತು ನಿಮಿಷ ಓಡಿಸುವುದು ರೂಢಿ. ಜಿಂಕ್ ಅಂಶ ಹೆಚ್ಚಿರುವ, ಹಳೆಯ ಎಂಜಿನ್ನಿಗೆಂದೇ ತಯಾರಾದ ಆಯಿಲ್ ಇಲ್ಲಿ ಬೇಕು. ಇಂದಿನ ಕಾರುಗಳ ಆಯಿಲ್‌ನಲ್ಲಿ ಆ ಅಂಶ ತಗ್ಗಿಸಲಾಗಿದೆ.

ಐದು ಸಾವಿರ ಕಿಲೋಮೀಟರಿನ ಲೆಕ್ಕ

ಪುನರುದ್ಧಾರ ಒಮ್ಮೆ ಮುಗಿಯುತ್ತದೆ, ಪಾಲನೆ ಮುಗಿಯುವುದಿಲ್ಲ. ಆಯಿಲ್ ಬದಲಿ ಮತ್ತು ಟ್ಯಾಪೆಟ್ ಅಡ್ಜಸ್ಟ್, ಇವೆರಡೂ ಸುಮಾರು 5,000 ಕಿಲೋಮೀಟರಿಗೊಮ್ಮೆ ಆಗಲೇಬೇಕು. ಹಿಡಿಯುವ ಆಯಿಲ್ ಎರಡೂವರೆ ಲೀಟರ್ ಮಾತ್ರ, ಫಿಲ್ಟರ್ ಇಲ್ಲ, ಬರೀ ತಂತಿಯ ಜಾಲರಿ. ಅಷ್ಟು ಕಡಿಮೆ ಆಯಿಲ್ ನುಣುಪನ್ನೂ ತಂಪನ್ನೂ ಕೊಡಬೇಕಾದ್ದರಿಂದ ಅದನ್ನು ಹಳತಾಗಲು ಬಿಡಬಾರದು. ಜಾಲರಿಯಲ್ಲಿ ಲೋಹದ ಚೂರು ಕಂಡರೆ ಎಂಜಿನ್ ಮುಂಚೆಯೇ ಸುದ್ದಿ ಕೊಟ್ಟಿದೆ ಎಂದು ತಿಳಿಯಬೇಕು.

ಟ್ಯಾಪೆಟ್ ಕೆಲಸ ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಎದ್ದಕೂಡಲೇ ಮಾಡುವಂಥದ್ದು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪುಲ್ಲಿ ತಿರುಗಿಸಿ, ರೋಟರು ಡಿಸ್ಟ್ರಿಬ್ಯೂಟರಿನ ಅಂಚಿನಲ್ಲಿರುವ ಗೀರಿಗೆ ಎದುರಾಗುವಂತೆ ನಿಲ್ಲಿಸಬೇಕು. ಆಗ ಒಂದನೆಯ ಸಿಲಿಂಡರಿನ ಎರಡು ವಾಲ್ವ್‌ಗಳೂ ಮುಚ್ಚಿರುತ್ತವೆ. ತಂತಿಯ ಕೊಂಡಿ ಬಿಡಿಸಿ ರಾಕರ್ ಕವರ್ ತೆಗೆದರೆ ತಟ್ಟೆಯಷ್ಟು ಆಯಿಲ್ ಸುರಿಯುತ್ತದೆ, ಕೆಳಗೆ ಪಾತ್ರೆ ಇಡಿ. ಫೀಲರ್ ಗೇಜಿನ 0.15 ಮಿಲಿಮೀಟರ್ ಎಲೆಯನ್ನು ವಾಲ್ವಿನ ತುದಿಗೂ ಸ್ಕ್ರೂಗೂ ನಡುವೆ ತೂರಿಸಿದರೆ ಅದು ಸ್ವಲ್ಪ ಹಿಡಿದು ಜಾರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತಾನೂ ಕೊಂಚ ತಿರುಗಿಬಿಡುತ್ತದೆ. ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ನಂತರ ಪುಲ್ಲಿಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿದರೆ ಎರಡನೆಯದು, ಮತ್ತೆ ಅರ್ಧ ಸುತ್ತಿಗೆ ಮೂರನೆಯದು, ಮತ್ತೆ ಅರ್ಧಕ್ಕೆ ನಾಲ್ಕನೆಯದು. ಫೈರಿಂಗ್ ಕ್ರಮ 1-4-3-2 ಆದ್ದರಿಂದ ಹಿಂದಕ್ಕೆ ತಿರುಗಿಸಿದರೆ ನಂಬರುಗಳು ಸರತಿಯಂತೆ ಬರುತ್ತವೆ. 1960ರ ದಶಕದ ಕೆಲವು 1200 ಎಂಜಿನ್ನುಗಳಿಗೆ 0.20 ಮತ್ತು 0.30 ಎಂಬ ಬೇರೆ ಅಳತೆಗಳಿವೆ, ಕೈಪಿಡಿ ನೋಡಿಯೇ ಹೊಂದಿಸಬೇಕು.

ಈ ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಅಷ್ಟೇ. ಕಡಿಮೆಯಾದರೆ ಸದ್ದೇ ಇರುವುದಿಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಸದ್ದು ಮಾಡುವ ಟ್ಯಾಪೆಟ್ ಕಂಡು ಗಾಬರಿಯಾಗುವವರು ಸದ್ದಿಲ್ಲದ್ದನ್ನು ಕಂಡು ಗಾಬರಿಯಾಗಬೇಕು. ಒಂದೇ ಎಕ್ಸಾಸ್ಟ್ ವಾಲ್ವಿನ ಸಂದು ಪ್ರತಿ ಸಲವೂ ಮುಚ್ಚಿಕೊಂಡಿದ್ದರೆ ಆ ವಾಲ್ವ್ ಹಿಗ್ಗುತ್ತಿದೆ ಅಥವಾ ಸೀಟಿಗೆ ಇಳಿಯುತ್ತಿದೆ. ಮತ್ತೆ ಮತ್ತೆ ಅಡ್ಜಸ್ಟ್ ಮಾಡಿ ಓಡಿಸುವುದು ಬಿಟ್ಟು ಹೆಡ್ ಇಳಿಸಬೇಕು. ಪ್ರತಿ ಸಲದ ಅಳತೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವವರಿಗೆ ಇದು ವಾಲ್ವಿನ ತಲೆ ಮುರಿಯುವ ಮೊದಲೇ ಗೊತ್ತಾಗುತ್ತದೆ. ಕಂಪ್ಯೂಟರಿಲ್ಲದ ಕಾರಿನಲ್ಲಿ ಆ ನೋಟ್‌ಬುಕ್ಕಿಗೆ ಸಮನಾದ ಉಪಕರಣ ಬೇರೆ ಇಲ್ಲ.

ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಸಂದು 0.4 ಮಿಲಿಮೀಟರ್. ಟೈಮಿಂಗ್ ಸರಿಯಿಲ್ಲದ ಏರ್‌ಕೂಲ್ಡ್ ಎಂಜಿನ್ ಬರೀ ಪಿಕಪ್ ಕಳೆದುಕೊಳ್ಳುವುದಿಲ್ಲ, ಕಾಯುತ್ತದೆ. ಹಾಗಾಗಿ ಟ್ಯಾಪೆಟ್, ಪಾಯಿಂಟ್, ಟೈಮಿಂಗ್, ಕಾರ್ಬೊರೇಟರ್ ಎಂಬ ಕ್ರಮವನ್ನು ಬದಲಿಸದೆ ಟ್ಯೂನ್ ಮಾಡುತ್ತಾರೆ. ಮೂಲ ಡಿಸ್ಟ್ರಿಬ್ಯೂಟರ್ ಸವೆದಾಗ ಹವ್ಯಾಸಿಗಳು ವ್ಯಾಕ್ಯೂಮ್ ಇಲ್ಲದ ಬಾಷ್ 009 ಮಾದರಿಯನ್ನು ಹಾಕಿದ್ದುಂಟು. ಸೋಲೆಕ್ಸ್ 34 ಕಾರ್ಬೊರೇಟರ್ ಜೊತೆ ಅದು ಆಕ್ಸಿಲರೇಟರ್ ಒತ್ತಿದಾಗ ಎಡವುತ್ತದೆ. ವ್ಯಾಕ್ಯೂಮ್ ಇರುವುದನ್ನೇ ಹುಡುಕುವುದು ಒಳ್ಳೆಯದು. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 15 ಮಿಲಿಮೀಟರ್ ತಗ್ಗಬೇಕು. ಹೊಂದಿಸುವುದು ಪುಲ್ಲಿಯ ಎರಡು ಹೋಳುಗಳ ನಡುವಿನ ಶಿಮ್ ತೆಗೆದು ಅಥವಾ ಸೇರಿಸಿ. ಓಡುವಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿದರೆ ಬೇರೆ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದು ಅರ್ಥ, ಮನೆ ತಲುಪಿ ನೋಡಬಹುದು. ಬೀಟಲ್‌ನಲ್ಲಿ ಬೆಲ್ಟು ಹರಿದಿರಬಹುದು, ಅಂದರೆ ಫ್ಯಾನೇ ನಿಂತಿದೆ. ಆ ಕ್ಷಣ ಪಕ್ಕಕ್ಕೆ ನಿಲ್ಲಿಸಬೇಕು. ಕಾರಿನಲ್ಲಿ ಒಂದು ಹೊಸ ಬೆಲ್ಟು, ಅದಕ್ಕೆ ಬೇಕಾದ ಸ್ಪ್ಯಾನರ್ ಸದಾ ಇರಲಿ.

ಟೈರಿನ ಗಾಳಿಯೂ ಇಲ್ಲಿ ಬೇರೆ. ಭಾರವೆಲ್ಲ ಹಿಂದೆ ಇರುವುದರಿಂದ ಮುಂದೆ 16–18, ಹಿಂದೆ 24–27 ಪೌಂಡು. ಪೆಟ್ರೋಲ್ ಬಂಕಿನ ಹುಡುಗ ನಾಲ್ಕಕ್ಕೂ ಸಮನಾಗಿ 30 ತುಂಬಿದರೆ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ. ವೈಪರಿನ ನೀರು ಚಿಮ್ಮಲು ಸ್ಪೇರ್ ಟೈರಿನ ಗಾಳಿಯನ್ನೇ ಬಳಸಿದ ವರ್ಷಗಳೂ ಇದ್ದವು. ಬಂಕಿನಲ್ಲಿ ಸ್ಪೇರಿಗೆ ಮಾತ್ರ ಧಾರಾಳವಾಗಿ ತುಂಬಿಸಬಹುದು.

ಬೆಂಕಿ ಮತ್ತು ಪೆಟ್ರೋಲ್

ಹಳೆಯ ಬೀಟಲ್‌ಗಳು ಸುಟ್ಟುಹೋಗುವುದು ಅಪರೂಪವಲ್ಲ. ಪೆಟ್ರೋಲ್ ಹೋಸು ಬಿಸಿ ಎಂಜಿನ್ ಮೇಲೆಯೇ ಹಾಯುತ್ತದೆ, ಹತ್ತಿರದಲ್ಲೇ ಡಿಸ್ಟ್ರಿಬ್ಯೂಟರಿನ ಕಿಡಿ. ನೂಲಿನ ಹೊದಿಕೆಯ ಹಳೆಯ ಹೋಸುಗಳು ಒಳಗೊಳಗೇ ಬಿರಿದಿರುತ್ತವೆ. ಕಾರ್ಬೊರೇಟರಿಗೆ ಪೆಟ್ರೋಲ್ ತರುವ ಹಿತ್ತಾಳೆ ನಳಿಕೆ ಬರೀ ಒತ್ತಿ ಕೂರಿಸಿದ್ದು, ಸಡಿಲವಾದರೆ ಕಳಚಿ ಬರುತ್ತದೆ. ಇನ್ನೊಂದು ಕಾರಣ ಹಿಂದಿನ ಸೀಟಿನ ಸ್ಪ್ರಿಂಗು: ದಪ್ಪನೆಯವರು ಕೂತಾಗ ಅದು ಕೆಳಗಿನ ಬ್ಯಾಟರಿ ಟರ್ಮಿನಲ್‌ಗೆ ತಾಗಿ ಸೀಟಿನ ನಾರು ಹೊತ್ತಿಕೊಳ್ಳುತ್ತದೆ. ಟರ್ಮಿನಲ್ ಮೇಲೊಂದು ಮುಚ್ಚಳ ಹಾಕಿದರೆ ಈ ಭಯ ಹೋಗುತ್ತದೆ. ಪೆಟ್ರೋಲ್ ಬೆಂಕಿಯನ್ನು ಮೊದಲ ನಿಮಿಷದಲ್ಲೇ ಡ್ರೈ ಪೌಡರ್ ಸಿಲಿಂಡರಿನಿಂದ ಆರಿಸಬೇಕು. ಮೆಗ್ನೀಸಿಯಂ ಕೇಸಿಗೇ ಬೆಂಕಿ ಹತ್ತಿದರೆ ನೀರು ಹಾಕುವುದು ಅಪಾಯ, ದೂರ ಸರಿಯುವುದೊಂದೇ ದಾರಿ.

ಭಾರತದಲ್ಲಿ ಈಗ ಈ ಅಪಾಯಕ್ಕೆ ಎಥನಾಲ್ ಸೇರಿಕೊಂಡಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ, ತೇವ ಹೀರಿಕೊಂಡು ಟ್ಯಾಂಕು, ಕಾರ್ಬೊರೇಟರುಗಳನ್ನು ತಿನ್ನುತ್ತದೆ. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಮಿಶ್ರಣ ತೆಳುವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಏರ್‌ಕೂಲ್ಡ್‌ಗೆ ಇದು ಸಣ್ಣ ವಿಷಯವಲ್ಲ. ಎಥನಾಲ್ ತಡೆಯುವ ಹೋಸು, ಹೊಸ ಡಯಾಫ್ರಾಮ್, ಒಂದು ಗಾತ್ರ ದೊಡ್ಡ ಮೇನ್ ಜೆಟ್ ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವಾಗ ಕಾರ್ಬೊರೇಟರ್ ಬರಿದು ಮಾಡುವುದು ಇವೆಲ್ಲ ಈಗ ಪಾಲನೆಯ ಭಾಗವೇ.

ಕೈಪಿಡಿಗಳು, ಬಿಡಿಭಾಗಗಳು

ಬೀಟಲ್ ರಿಪೇರಿಯನ್ನು ಮೆಕ್ಯಾನಿಕ್‌ನ ಗುಟ್ಟಿನಿಂದ ಮನೆಯ ಕೆಲಸವಾಗಿಸಿದ ಪುಸ್ತಕ ಜಾನ್ ಮ್ಯೂರ್ ಅವರದು. ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು, ಅದನ್ನು ಬಿಟ್ಟು ನ್ಯೂ ಮೆಕ್ಸಿಕೊದಲ್ಲಿ ನೆಲೆಸಿದ ಮ್ಯೂರ್ 1969ರಲ್ಲಿ 'ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್' ಎಂಬ ಕೈಪಿಡಿಯನ್ನು ತಾವೇ ಪ್ರಕಟಿಸಿದರು. ಏನೂ ಗೊತ್ತಿಲ್ಲದವನನ್ನು ಎದುರಿಗೆ ಕೂರಿಸಿಕೊಂಡು ಹೇಳುವ ಧಾಟಿ, ಪೀಟರ್ ಆಶ್‌ವಾಂಡನ್ ಅವರ ರೇಖಾಚಿತ್ರಗಳು, ಎಂಜಿನ್ ಪಕ್ಕದಲ್ಲಿ ಚಪ್ಪಟೆಯಾಗಿ ಬಿಡಿಸಿಡಬಹುದಾದ ಸುರುಳಿ ಬೈಂಡಿಂಗ್. ಮ್ಯೂರ್ 1977ರಲ್ಲಿ ತೀರಿಕೊಂಡ ಮೇಲೂ ಅದು ಮರುಮುದ್ರಣ ಕಾಣುತ್ತಲೇ ಬಂತು. ಅಳತೆಗಳ ನಿಖರತೆಗೆ ಮಾತ್ರ ಬೆಂಟ್ಲಿ ಪ್ರಕಾಶನದ ಅಧಿಕೃತ ಕೈಪಿಡಿಯೇ ಸರಿ. ಎರಡನ್ನೂ ಇಟ್ಟುಕೊಳ್ಳುವುದು ವಾಸಿ.

ಮೆಕ್ಸಿಕೊ ಮತ್ತು ಬ್ರೆಜಿಲ್‌ಗಳಲ್ಲಿ ತಯಾರಿಕೆ ದಶಕಗಳ ಕಾಲ ನಡೆದುದರಿಂದ ಬಿಡಿಭಾಗಗಳ ಉದ್ಯಮ ಅಲ್ಲಿ ಉಳಿದಿದೆ. ಭಾರತದಲ್ಲಿ ಬೀಟಲ್ ಎಂದೂ ತಯಾರಾಗಲಿಲ್ಲ. ಇಲ್ಲಿರುವ ಕೆಲವೇ ಕಾರುಗಳ ಭಾಗಗಳನ್ನು ಹೊರಗಿನಿಂದಲೇ ತರಿಸಬೇಕು. ಸಾಮಾನ್ಯ ಪ್ಲಗ್, ಬಲ್ಬು, ಬೇರಿಂಗುಗಳಿಗೆ ಮಾತ್ರ ನಮ್ಮ ಅಂಗಡಿಗಳು ಸಾಕು; 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ ಹೆಸರಿನಿಂದ ಆರಂಭವಾದ ಕಂಪನಿ ಇದೇ ಬಾಷ್ ಕುಟುಂಬದ್ದು.

ಕಾನೂನು

ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲರೂಪ ಕಾಯ್ದುಕೊಂಡ ವಾಹನಗಳಿಗೆ 1997ರಿಂದ ಎಚ್ ಅಕ್ಷರ ಕೊನೆಗಿರುವ ನಂಬರ್ ಪ್ಲೇಟು ಕೊಡುತ್ತಾರೆ. ಭಾರತದಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ತುಂಬಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. 1200ರ ಬೀಟಲ್‌ಗೆ 1600ರ ಎಂಜಿನ್ ಹಾಕಿಸಬೇಕೆನ್ನುವವರು ಈ ಷರತ್ತನ್ನು ಮೊದಲು ಓದಿಕೊಳ್ಳಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಗುರುತು ಬರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೀಗೆ ನೋಂದಣಿಯಾದ ಕಾರನ್ನು ಪ್ರದರ್ಶನ, ರ್ಯಾಲಿ, ಸಂಶೋಧನೆ, ಇಂಧನ ಹಾಕಿಸುವುದು ಮತ್ತು ರಿಪೇರಿಗೆಂದು ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅವಕಾಶವಿಲ್ಲ.